ನಂಜುಂಡನ ಊರು, ಕಪಿಲೆಯ ನೀರು

(ಮೈಸೂರಿನಲ್ಲಿ ಗೆಳೆಯರು ಸೇರಿ ಏರ್ಪಡಿಸಿದ್ದ ಸಂಜೆಯೊಂದರಲ್ಲಿ ಮಾತಾಡಿದ್ದು ಇದು. ಬಂದಿದ್ದವರಲ್ಲಿ ಕೆಲವರು ಬರೆದು ಕೊಡಿ ಅಂತ ಕೇಳಿದರು. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡು ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೈಸೂರು ಸೀಮೆಯ ಯಾವುದಾದರೂ ಹಳ್ಳಿ ಶಾಲೆಯ ಹಳೆಯ ಹಾಜರಿ ಪುಸ್ತಕ ತೆಗೆದು ನೋಡಿ. ನಂಜಪ್ಪ, ನಂಜಮ್ಮ, ನಂಜಯ್ಯ, ನಂಜೇಗೌಡ, ನಂಜಶೆಟ್ಟಿ, ನಂಜನಾಯಕ, ನಂಜುಂಡಸ್ವಾಮಿ, ನಂಜರಾಜ. ಒಂದು ಪುಟದಲ್ಲಿ ಒಬ್ಬರಾದರೂ ಸಿಗುತ್ತಾರೆ. ಯಾವ ಜಾತಿ, ಯಾವ ಕಸುಬು ಅನ್ನೋ ಭೇದವೇ ಇಲ್ಲ. ಅರಮನೆಯಲ್ಲೂ ಇದೇ ಹೆಸರು, ಗುಡಿಸಲಲ್ಲೂ ಇದೇ ಹೆಸರು. ಒಬ್ಬ ದೇವರ ಹೆಸರು ಇಷ್ಟು ಮನೆಗಳ ಒಳಗೆ ಹೊಕ್ಕಿದೆ ಅಂದರೆ ಅದಕ್ಕೊಂದು ಕಾರಣ ಇರಬೇಕು ಅಲ್ವಾ?

ಹಿರಿಯರನ್ನು ಕೇಳಿದರೆ ಕಾರಣ ಹೇಳುತ್ತಾರೆ. ಹುಟ್ಟಿದ ಮಗು ಉಳಿಯುತ್ತಿರಲಿಲ್ಲ, ನಂಜುಂಡನಿಗೆ ಹೊತ್ತುಕೊಂಡರು. ಮೈಮೇಲೆ ಏನೋ ಎದ್ದಿತ್ತು, ಉರುಳುಸೇವೆ ಹರಕೆ ಕಟ್ಟಿಕೊಂಡರು. ಹೊಲದಲ್ಲಿ ಹಾವು ಕಚ್ಚಿತು, ಬದುಕಿಕೊಂಡರೆ ಮುಡಿ ಕೊಡ್ತೀನಿ ಅಂತ ಬೇಡಿಕೊಂಡರು. ದುಡ್ಡು ಕೊಡಪ್ಪ, ರಾಜ್ಯ ಕೊಡಪ್ಪ ಅಂತ ನಂಜನಗೂಡಿಗೆ ಹೋದವರ ಕಥೆ ನಾನು ಕೇಳಿದ್ದು ಕಡಿಮೆ. ಕಾಯಿಲೆ ವಾಸಿ ಮಾಡಪ್ಪ ಅಂತ ಹೋದವರ ಕಥೆಯೇ ಜಾಸ್ತಿ.

ಈ ಹೊತ್ತು ನಾನು ಹೇಳಬೇಕು ಅಂದುಕೊಂಡಿರೋದು ಅದನ್ನೇ. ನಂಜನಗೂಡಿನ ಕಥೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ, ಹೆಚ್ಚಿನವು ನೋವಿನ ಮತ್ತು ವಾಸಿಯಾಗುವ ಕಥೆಗಳು. ಆ ಕಥೆಗಳಲ್ಲಿ ದೇವರು ಎಷ್ಟು ಮುಖ್ಯವೋ ಹೊಳೆಯೂ ಅಷ್ಟೇ ಮುಖ್ಯ. ನಾವು ಗುಡಿಯನ್ನು ಚೆನ್ನಾಗಿ ನೋಡಿಕೊಂಡಿದ್ದೇವೆ. ಹೊಳೆಯನ್ನು ಹಾಗೆ ನೋಡಿಕೊಂಡಿಲ್ಲ. ಈ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಹೊಳೆಯಿಂದ ಶುರು ಮಾಡೋಣ. ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಮಾನಂದವಾಡಿ ಕಡೆಯ ಹೊಳೆ, ಪನಮರಂ ಕಡೆಯ ಹೊಳೆ ಎರಡೂ ಕೂಡಿ ಕಾಡಿನ ನಡುವೆ ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿಗೆ ಇಳಿಯುತ್ತದೆ. ಬೀಚನಹಳ್ಳಿಯಲ್ಲಿ 1974ರಲ್ಲಿ ಮುಗಿದ ಅಣೆಕಟ್ಟು ಇದೆ. ಅಲ್ಲಿಂದ ನಂಜನಗೂಡು, ಸುತ್ತೂರು ದಾಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಸೇರುತ್ತದೆ. ನಕ್ಷೆಯಲ್ಲಿ ಕಬಿನಿ, ಸಂಕಲ್ಪ ಮಾಡುವಾಗ ಕಪಿಲಾ, ಊರಿನವರ ಬಾಯಲ್ಲಿ ಕಪಿಲೆ. ಕಪಿಲ ಮಹರ್ಷಿ ತಪಸ್ಸು ಮಾಡಿದ ನದಿ ಅನ್ನೋದು ನಂಬಿಕೆ. ನಂಜನಗೂಡಿನ ಹತ್ತಿರವೇ ಗುಂಡ್ಲುಪೇಟೆ ಕಡೆಯಿಂದ ಬರುವ ಗುಂಡ್ಲು ಹೊಳೆ ಇದನ್ನು ಸೇರುತ್ತದೆ. ಅದಕ್ಕೆ ಪುರಾಣದ ಹೆಸರು ಕೌಂಡಿನ್ಯ. ಈ ಸಂಗಮದ ಹತ್ತಿರವೇ ಪರಶುರಾಮ ಕ್ಷೇತ್ರ. ನನ್ನ ಮಟ್ಟಿಗೆ ನಂಜನಗೂಡಿನ ಅತಿ ದೊಡ್ಡ ಕಥೆ ಇರುವುದು ಅಲ್ಲಿ. ಆದರೆ ಜನ ಮೊದಲು ಹೇಳೋದು ಕೇಶಿಯ ಕಥೆ. ಅದನ್ನು ಮೊದಲು ಮುಗಿಸಿಬಿಡೋಣ.

ಕೇಶಿ ಅನ್ನೋ ರಾಕ್ಷಸನ ಕಾಟ ತಡೆಯಲಾಗದೆ ದೇವತೆಗಳು ಶಿವನ ಹತ್ತಿರ ಹೋದರು. ಕಪಿಲೆಯ ದಡದಲ್ಲಿ ಯಜ್ಞ ಮಾಡಿ, ಅವನಾಗಿಯೇ ಬರುತ್ತಾನೆ ಅಂದ ಶಿವ. ಕೇಶಿ ಕೆಡಿಸೋಕೆ ಬಂದ. ಬಂದವನನ್ನು ಶಿವ ಆ ಬೆಂಕಿಯಲ್ಲೇ ಮುಗಿಸಿದ. ಅವನ ಮೈಯಲ್ಲಿದ್ದ ವಿಷ ಊರಿಗೆ ಹರಡದಂತೆ ತಾನೇ ತಗೊಂಡ ಅಂತಲೂ ಹೇಳುತ್ತಾರೆ. ಸಮುದ್ರ ಕಡೆದಾಗ ಹಾಲಾಹಲ ಕುಡಿದವನು ಇವನೇ ತಾನೇ. ಅದಕ್ಕೇ ನಂಜುಂಡ, ಅದಕ್ಕೇ ಶ್ರೀಕಂಠ, ಊರಿಗೆ ಗರಳಪುರಿ. ಆಮೇಲೆ ಗೌತಮ ಮಹರ್ಷಿ ಇಲ್ಲಿ ಲಿಂಗ ಪೂಜೆ ಮಾಡಿದ ಅಂತ ಸ್ಥಳಪುರಾಣ. ದೊಡ್ಡ ಜಾತ್ರೆಗೆ ಇವತ್ತಿಗೂ ಗೌತಮ ಪಂಚಮಹಾರಥೋತ್ಸವ ಅಂತಲೇ ಹೆಸರು.

ವಿಷವನ್ನು ಬೇರೆಯವರಿಗೆ ಬಿಡದೆ ತಾನು ಇಟ್ಟುಕೊಂಡ ದೇವರು ಅನ್ನೋದು ಇಲ್ಲಿಯ ಎಲ್ಲ ಕಥೆಗಳಿಗೂ ಬುನಾದಿ. ಕೊಲ್ಲುವ ದೇವರು ಎಲ್ಲ ಊರಲ್ಲೂ ಇದ್ದಾರೆ. ನಂಜನಗೂಡಿನವನಿಗೆ ಜನ ಕೈಮುಗಿಯೋದು ಅವನು ನುಂಗಿಕೊಂಡಿದ್ದಕ್ಕೆ.

ಈಗ ಪರಶುರಾಮನ ಕಥೆಗೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಪ್ಪ ಜಮದಗ್ನಿಯ ಮಾತಿಗೆ ಕಟ್ಟುಬಿದ್ದು ಪರಶುರಾಮ ತಾಯಿ ರೇಣುಕೆಯ ತಲೆ ಕಡಿದ. ವರ ಕೇಳಿ ತಾಯಿಯನ್ನು ಬದುಕಿಸಿಕೊಂಡ, ನಿಜ. ಆದರೆ ಕಡಿದ ಕೈ ತನ್ನದೇ. ಆ ಪಾಪ ಮನಸ್ಸನ್ನು ಬಿಡಲಿಲ್ಲ. ಎಲ್ಲಿ ಹೋದರೂ ನೆಮ್ಮದಿ ಇಲ್ಲ. ಕಪಿಲೆ ಕೌಂಡಿನ್ಯ ಕೂಡುವ ಜಾಗಕ್ಕೆ ಹೋಗಿ ತಪಸ್ಸು ಮಾಡು ಅಂತ ನಾರದರು ಹೇಳಿದರು. ಬಂದು ನೋಡಿದರೆ ಬರೀ ಪೊದೆ, ಗಿಡಗಂಟಿ. ಕೂರೋಕೂ ಜಾಗ ಇಲ್ಲ. ಕೊಡಲಿ ತಗೊಂಡು ಸವರತೊಡಗಿದ. ಒಂದು ಏಟು ಪೊದೆಯ ಒಳಗಿದ್ದ ಏನಕ್ಕೋ ಬಿತ್ತು. ನೋಡಿದರೆ ರಕ್ತ ಚಿಮ್ಮುತ್ತಿದೆ. ಪೊದೆ ಸರಿಸಿದರೆ ಶಿವಲಿಂಗ. ಅದರ ನೆತ್ತಿಗೆ ಕೊಡಲಿ ತಾಗಿತ್ತು.

ಆ ಗಳಿಗೆಯಲ್ಲಿ ಅವನ ಮನಸ್ಸು ಹೇಗಾಗಿರಬೇಡ. ಒಂದು ಪಾಪ ತೊಳೆಯೋಕೆ ಬಂದವನು ಇನ್ನೊಂದು ಮಾಡಿಬಿಟ್ಟ. ತಾಯಿಯ ತಲೆ ಕಡಿದ ಕೊಡಲಿ ಈಗ ದೇವರ ತಲೆಗೇ ಬಿದ್ದಿದೆ. ನಾನೂ ಸಾಯ್ತೀನಿ ಅಂತ ಹೊರಟ. ಆಗ ಶಿವ ಕಾಣಿಸಿಕೊಂಡು ಹೇಳಿದ ಮಾತು ನೋಡಿ: ಹೊಳೆ ದಡದ ಮಣ್ಣು ತಗೊಂಡು ಗಾಯಕ್ಕೆ ಮೆತ್ತು, ರಕ್ತ ನಿಲ್ಲುತ್ತೆ. ಪರಶುರಾಮ ಹಾಗೇ ಮಾಡಿದ. ರಕ್ತ ನಿಂತಿತು. ಇಲ್ಲೊಂದು ಮಂಟಪ ಕಟ್ಟಿ, ನೀನೂ ಪಕ್ಕದಲ್ಲೇ ಇರು, ನನ್ನ ನೋಡೋಕೆ ಬಂದವರು ನಿನ್ನನ್ನೂ ನೋಡಿಕೊಂಡು ಹೋದರೇನೇ ಯಾತ್ರೆ ಪೂರ್ತಿ ಅಂತ ವರ ಕೊಟ್ಟ. ಇವತ್ತಿಗೂ ಹಳಬರು ಪರಶುರಾಮನ ಗುಡಿಗೆ ಹೋಗದೆ ಊರಿಗೆ ಮರಳೋದಿಲ್ಲ. ಲಿಂಗದ ಮೇಲೆ ಏಟಿನ ಗುರುತು ಇದೆ ಅಂತಲೂ ನಂಬಿಕೆ.

ಈ ಕಥೆ ನನಗೆ ಯಾಕೆ ಇಷ್ಟು ಹಿಡಿಸುತ್ತದೆ ಅಂದರೆ, ಇಲ್ಲಿ ಮೊದಲ ರೋಗಿ ದೇವರೇ. ಎಲ್ಲರ ಕಾಯಿಲೆ ವಾಸಿ ಮಾಡುವವನಿಗೇ ಮೊದಲು ಏಟು ಬಿತ್ತು. ಏಟು ಕೊಟ್ಟವನ ಕೈಯಲ್ಲೇ ಅವನು ಮದ್ದು ಹಾಕಿಸಿಕೊಂಡ. ಆ ಮದ್ದು ಯಾವುದು? ಹಿಮಾಲಯದ ಮೂಲಿಕೆ ಏನಲ್ಲ. ಕಾಲ ಕೆಳಗಿನ ಹೊಳೆಯ ಮಣ್ಣು. ಗದ್ದೆಯಲ್ಲಿ ಕುಡುಗೋಲು ತಾಗಿದರೆ ನಮ್ಮ ರೈತರು ಹಿಂದೆ ಥಟ್ಟನೆ ಮಾಡುತ್ತಿದ್ದ ಕೆಲಸವೂ ಅದೇ. ಇಲ್ಲಿಯ ಮಣ್ಣನ್ನು ಮೃತ್ತಿಕೆ ಅಂತ ಪ್ರಸಾದವಾಗಿ ತಗೊಂಡು ಹೋಗಿ ಮೈಗೆ ಹಚ್ಚಿಕೊಳ್ಳುವ ರೂಢಿ ಬಂದಿರುವುದು ಈ ಕಥೆಯಿಂದಲೇ.

ಗುಡಿಯ ನೈವೇದ್ಯದಲ್ಲೂ ಮದ್ದಿನ ವಾಸನೆ ಇದೆ. ಬೆಣ್ಣೆ, ಒಣಶುಂಠಿ, ಸಕ್ಕರೆ ಕಲೆಸಿ ನಂಜುಂಡನಿಗೆ ಒಪ್ಪಿಸುತ್ತಾರೆ. ವಿಷ ಕುಡಿದ ಗಂಟಲಿಗೆ ತಂಪಾಗಲಿ ಅಂತ ಬೆಣ್ಣೆ, ಅರಗಲಿ ಅಂತ ಶುಂಠಿ. ನಾಲಿಗೆ ಮೇಲಿಟ್ಟುಕೊಂಡರೆ ಮೊದಲು ಬೆಣ್ಣೆ ಕರಗುತ್ತದೆ, ಆಮೇಲೆ ಸಕ್ಕರೆ, ಕೊನೆಗೆ ಗಂಟಲಲ್ಲಿ ಶುಂಠಿಯ ಕಾರ ಮೆಲ್ಲಗೆ ಏಳುತ್ತದೆ. ಬಾಣಂತಿಗೆ ಕೊಡುವ ಮದ್ದಿನ ರುಚಿ ಅದು. ದೇವರಿಗೆ ಪಥ್ಯ ಮಾಡಿ ಬಡಿಸುವ ಊರು ನಮ್ಮ ಕಡೆ ಇನ್ನೊಂದು ನನಗೆ ಗೊತ್ತಿಲ್ಲ.

ಇದೇ ಊರಿನಲ್ಲಿ ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಶುರು ಮಾಡಿದರು. ನಂಜನಗೂಡು ಹಲ್ಲುಪುಡಿ ಅಲ್ಲಿಯದೇ. ನಮ್ಮ ಎಷ್ಟೋ ಮನೆಗಳ ಬಚ್ಚಲ ಗೂಡಿನಲ್ಲಿ ಆ ಡಬ್ಬಿ ಇರುತ್ತಿತ್ತು. ವೈದ್ಯ ದೇವರ ಊರಿನಿಂದ ಬಂದ ಪುಡಿ ಅಂದರೆ ಜನಕ್ಕೆ ಅದಾಗಲೇ ಅರ್ಧ ನಂಬಿಕೆ ಇದ್ದಿರಬೇಕು.

ಇನ್ನು ಟಿಪ್ಪುವಿನ ಆನೆಯ ಕಥೆ. ನಿಮಗೆಲ್ಲ ಗೊತ್ತಿರೋದೇ. ಪಟ್ಟದ ಆನೆಗೆ ಕಣ್ಣು ಕಾಣದಾಯಿತು. ಹಕೀಮರ ಮದ್ದು ನಡೆಯಲಿಲ್ಲ. ನಂಜುಂಡನಿಗೆ ಹರಕೆ ಮಾಡಿ ಅಂತ ಯಾರೋ ಹೇಳಿದರು. ಆನೆಯನ್ನು ಕಪಿಲೆಯಲ್ಲಿ ಮೀಯಿಸಿ, ತೀರ್ಥ ಕಣ್ಣಿಗೆ ಹಾಕಿ, ಒಂದು ಮಂಡಲ ಪೂಜೆ ಮಾಡಿಸಿದರು. ಕಣ್ಣು ಬಂತು. ಅಂದಿನಿಂದ ಸುಲ್ತಾನ ಈ ದೇವರನ್ನು ಹಕೀಮ್ ನಂಜುಂಡ ಅಂತ ಕರೆದ, ಪಚ್ಚೆಯ ಲಿಂಗ ಮಾಡಿಸಿ ಕೊಟ್ಟ. ಕೆಲವರು ಇದನ್ನು ಹೈದರಾಲಿಯ ಹೆಸರಿನಲ್ಲೂ ಹೇಳುತ್ತಾರೆ. ಆನೆಯ ಕಥೆ ಕಥೆಯಾಗಿಯೇ ಇರಲಿ. ಹಸಿರು ಬಣ್ಣದ ಲಿಂಗ ಮಾತ್ರ ದೇವಸ್ಥಾನದಲ್ಲಿ ಇದೆ. ಅದಕ್ಕೆ ಪಾದಶಾಹ ಲಿಂಗ ಅಂತ ಹೆಸರು, ಟಿಪ್ಪು ಕೊಟ್ಟದ್ದು ಅಂತಲೇ ಪೂಜೆ ನಡೆಯುತ್ತಿದೆ.

ಟಿಪ್ಪು ಹೆಸರು ಎತ್ತಿದರೆ ಈಗ ಜಗಳ ಜಾಸ್ತಿ. ಈ ಸಭೆಯಲ್ಲೂ ಬೇರೆ ಬೇರೆ ಅಭಿಪ್ರಾಯದವರು ಇದ್ದೀರಿ, ಗೊತ್ತು. ನಾನು ಹೇಳುವುದು ಇಷ್ಟೇ: ಈ ಕಥೆಯನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದವರು ನಂಜುಂಡನ ಭಕ್ತರು. ನಮ್ಮ ದೇವರ ಹತ್ತಿರ ಸುಲ್ತಾನನೂ ಬಂದ, ಆನೆಗೂ ವಾಸಿಯಾಯಿತು ಅನ್ನೋದು ಅವರ ಹೆಮ್ಮೆ. ವೈದ್ಯನ ಮನೆ ಬಾಗಿಲಿಗೆ ಯಾರು ಬಂದರೂ ಮೊದಲು ಕೇಳೋದು ಏನಾಗಿದೆ ಅಂತ. ನಂಜುಂಡನೂ ಹಾಗೇ ಅಂತ ಜನ ತಿಳಿದಿದ್ದರು. ಆ ತಿಳಿವಳಿಕೆ ನನಗೆ ತುಂಬ ದೊಡ್ಡದು ಅನ್ನಿಸುತ್ತದೆ.

ಗುಡಿಯ ಕಟ್ಟಡದ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಗರ್ಭಗುಡಿ ಚಿಕ್ಕದು, ಬಹಳ ಹಳೆಯದು. ಅದರ ಸುತ್ತ ಒಬ್ಬೊಬ್ಬ ಅರಸರ ಕಾಲದಲ್ಲಿ ಒಂದೊಂದು ಸುತ್ತು ಬೆಳೆಯಿತು. ಕಳಲೆಯ ದಳವಾಯಿಗಳಿಗೆ ಇದು ಮನೆದೇವರಷ್ಟು ಹತ್ತಿರ. ಕಳಲೆ ಇರುವುದು ಇಲ್ಲೇ ಪಕ್ಕದಲ್ಲಿ. ದಳವಾಯಿ ದೇವರಾಜಯ್ಯ 1735ರಲ್ಲಿ ಕಪಿಲೆಗೆ ಕಟ್ಟಿಸಿದ ಕಲ್ಲಿನ ಸೇತುವೆ ಇವತ್ತಿಗೂ ನಿಂತಿದೆ. ಆಮೇಲೆ ಅದರ ಮೇಲೆಯೇ ರೈಲೂ ಓಡಿತು. ಈಗ ಪಕ್ಕದಲ್ಲಿ ಹೊಸ ಸೇತುವೆ ಬಂದಿದೆ. ದೊಡ್ಡ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಕಟ್ಟಿಸಿದ್ದು. ಎತ್ತರ ಸುಮಾರು 120 ಅಡಿ, ತುದಿಯಲ್ಲಿ 7 ಕಳಶ. ಒಳಗಿನ ಪ್ರಾಕಾರದಲ್ಲಿ ಅರವತ್ತಮೂರು ಪುರಾತನರ, ಅಂದರೆ ಹಳೆಯ ಕಾಲದ ಶಿವಭಕ್ತರ, ಕಲ್ಲಿನ ಮೂರ್ತಿಗಳ ಸಾಲಿದೆ. ಬೇಡರ ಕಣ್ಣಪ್ಪನೂ ಅಲ್ಲಿದ್ದಾನೆ. ದೇವರ ಕಣ್ಣಿಂದ ರಕ್ತ ಬಂತು ಅಂತ ತನ್ನ ಕಣ್ಣೇ ಕಿತ್ತು ಇಟ್ಟವನು. ಈ ಊರಿನಲ್ಲಿ ಅವನಿಗೊಂದು ಜಾಗ ಇರಲೇಬೇಕಿತ್ತು.

ಈಗ ನಮ್ಮ ಜನಪದರು ಹಾಡುವ ನಂಜುಂಡನ ಬಗ್ಗೆ. ಇವನು ಪುರಾಣದ ಶಿವನಿಗಿಂತ ಬೇರೆಯೇ ಮನುಷ್ಯ. ಮನುಷ್ಯ ಅಂತಲೇ ಹೇಳಬೇಕು. ಮೈಸೂರು ಸೀಮೆಯ ಹಾಡುಗಾರರ ಬಾಯಲ್ಲಿ ನಂಜುಂಡನಿಗೂ ಬೆಟ್ಟದ ಚಾಮುಂಡಿಗೂ ಪ್ರೀತಿ. ಚಾಮುಂಡಿ ಮಹಿಷನ ಜೊತೆ ಕಾದಾಡುವಾಗ ಅವನ ಒಂದೊಂದು ತೊಟ್ಟು ರಕ್ತಕ್ಕೂ ಒಬ್ಬೊಬ್ಬ ರಾಕ್ಷಸ ಏಳುತ್ತಾನೆ. ಅವಳು ಸುಸ್ತಾಗಿ ಬೆವರು ಒರೆಸಿ ಎಸೆದಾಗ ಅದರಿಂದ ತಂಗಿ ಹುಟ್ಟುತ್ತಾಳೆ. ಅವಳೇ ಉತ್ತನಹಳ್ಳಿ ಮಾರಮ್ಮ. ನಾಲಿಗೆ ಚಾಚಿ ರಕ್ತ ನೆಲಕ್ಕೆ ಬೀಳದ ಹಾಗೆ ನೋಡಿಕೊಳ್ಳುತ್ತಾಳೆ. ಅಕ್ಕತಂಗಿ ಇಬ್ಬರೂ ಸೇರಿ ಗೆದ್ದ ಮೇಲೆ ಕಪಿಲೆಯ ದಡದಲ್ಲಿ ಚಾಮುಂಡಿಯ ಕಣ್ಣಿಗೆ ನಂಜುಂಡ ಬೀಳುತ್ತಾನೆ.

ನಂಜುಂಡನಿಗೆ ಮನೆಯಲ್ಲಿ ಹೆಂಡತಿ ಇದ್ದಾಳೆ. ಹಾಡಿನಲ್ಲಿ ಅವಳು ದೇವೀರಿ. ಗಂಡ ರಾತ್ರಿ ಹೊತ್ತು ಬೆಟ್ಟದ ಕಡೆ ಹೋಗಿ ಬರುತ್ತಾನೆ ಅಂತ ಗೊತ್ತಾದ ಮೇಲೆ ಅವಳ ಸಿಟ್ಟು, ಅವನು ಹೇಳುವ ಸುಳ್ಳು, ನಡುವೆ ಸಂಧಾನಕ್ಕೆ ಓಡಾಡುವ ಉತ್ತನಹಳ್ಳಿಯವಳು, ಅಬ್ಬಬ್ಬಾ! ಯಾವುದೇ ಮನೆಯ ಜಗಳ ಕೇಳಿದ ಹಾಗೇ ಇರುತ್ತದೆ. ಕೇಳುತ್ತಾ ಕೂತ ಹೆಂಗಸರು ದೇವೀರಿಯ ಕಡೆ ಸ್ವಲ್ಪ, ಚಾಮುಂಡಿಯ ಕಡೆ ಸ್ವಲ್ಪ ವಾಲುತ್ತಾ ನಗುತ್ತಾರೆ, ಕಣ್ಣೂ ಒರೆಸಿಕೊಳ್ಳುತ್ತಾರೆ. ಇದನ್ನು ಅಪಚಾರ ಅನ್ನುವವರು ಈ ಹಾಡು ಇಡೀ ರಾತ್ರಿ ಒಮ್ಮೆ ಕೂತು ಕೇಳಬೇಕು. ದೇವರನ್ನು ಇಷ್ಟು ಹತ್ತಿರ ಕೂರಿಸಿಕೊಳ್ಳದೆ ಇದ್ದರೆ ಮಗನಿಗೆ ಅವನ ಹೆಸರಿಡೋಕೆ ಮನಸ್ಸು ಬರುತ್ತಿರಲಿಲ್ಲ. ಸಂಸಾರದ ತಾಪತ್ರಯ ಗೊತ್ತಿರುವ ದೇವರ ಹತ್ತಿರ ನಮ್ಮ ತಾಪತ್ರಯ ಹೇಳಿಕೊಳ್ಳೋದು ಸುಲಭ.

ಆಚರಣೆಗಳ ಮಾತಿಗೆ ಬಂದರೆ, ವರ್ಷಕ್ಕೆ ಎರಡು ಜಾತ್ರೆ. ಚಿಕ್ಕ ಜಾತ್ರೆ ಕಾರ್ತಿಕದ ಹೊತ್ತಿಗೆ, ದೊಡ್ಡ ಜಾತ್ರೆ ಬೇಸಿಗೆ ಶುರುವಾಗುವಾಗ, ಮಾರ್ಚ್ ಏಪ್ರಿಲ್‌ನಲ್ಲಿ. ದೊಡ್ಡ ಜಾತ್ರೆಗೆ ಐದು ತೇರು. ಮುಂದೆ ಗಣಪತಿ, ಆಮೇಲೆ ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ. ಒಂದೇ ಮನೆಯವರು ಒಟ್ಟಿಗೆ ಹೊರಟ ಹಾಗೆ.

ದೊಡ್ಡ ತೇರು ಹೊರಡುವ ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಬೆಳಗಿನ ಜಾವವೇ ರಥದ ಬೀದಿ ತುಂಬಿಹೋಗಿರುತ್ತದೆ. ಹಗ್ಗ ತೋಳಿನಷ್ಟು ದಪ್ಪ. ಹಿಡಿದವರ ಅಂಗೈ ಕೆಂಪಾಗಿರುತ್ತದೆ. ಮೊದಲ ಎಳೆತಕ್ಕೆ ತೇರು ಜಗ್ಗುವುದೇ ಇಲ್ಲ. ಎರಡನೆಯದಕ್ಕೆ ಅಚ್ಚಿನ ಹತ್ತಿರ ಕಿರ್ರ್ ಅಂತ ಒಂದು ಸದ್ದು. ಆಮೇಲೆ ಚಕ್ರ ಒಂದು ಗೇಣು ಉರುಳುತ್ತದೆ, ಬೀದಿ ತುಂಬ ಒಂದೇ ಕೂಗು. ಚಕ್ರದ ಪಕ್ಕದಲ್ಲೇ ನಡೆಯುವವರ ಕೈಯಲ್ಲಿ ಮರದ ದಿಮ್ಮಿ. ತೇರು ಓರೆಯಾದರೆ ಅದನ್ನು ಚಕ್ರದ ಅಡಿಗೆ ಕೊಟ್ಟು ದಾರಿಗೆ ತರುವುದು ಅವರ ಕೆಲಸ. ಎಲ್ಲರ ಕಣ್ಣು ಮೇಲೆ ಕಳಶದ ಕಡೆ ಇದ್ದರೆ ಅವರ ಕಣ್ಣು ಮಾತ್ರ ನೆಲದ ಮೇಲೆ. ಕಾಲು ಒಂದು ಹೆಜ್ಜೆ ತಪ್ಪಿದರೂ ಪ್ರಾಣಕ್ಕೆ ಸಂಚಕಾರ. ನನ್ನ ಪಾಲಿಗೆ ಆ ಜಾತ್ರೆಯ ದೊಡ್ಡ ಭಕ್ತರು ಅವರೇ.

ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಬಂದು ಹಣ್ಣು ಜವನ ಎಸೆಯುತ್ತಾರೆ. ಬಾಳೆಹಣ್ಣಿಗೆ ದವನದ ಎಸಳು ಸಿಕ್ಕಿಸಿ ತೇರಿನ ಮೇಲೆ ಎಸೆಯೋದು. ಕಳಶಕ್ಕೆ ತಾಗಿದರೆ ಶುಭ. ತಾಗದೆ ಯಾರದೋ ತಲೆ ಮೇಲೆ ಬಿದ್ದರೂ ಬೇಸರವಿಲ್ಲ, ಬಿದ್ದವರು ಕಣ್ಣಿಗೆ ಒತ್ತಿಕೊಂಡು ತಿನ್ನುತ್ತಾರೆ. ಬಾಳೆ ಅಂದಾಗ ನಂಜನಗೂಡು ರಸಬಾಳೆಯ ಮಾತು ಬಂದೇ ಬರುತ್ತದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿರುವ ಹಣ್ಣು ಅದು. ಸೊರಗು ರೋಗ ಹತ್ತಿ ತೋಟಗಳು ಬಹಳ ಕಡಿಮೆಯಾದವು. ದೇವರಸನಹಳ್ಳಿ ಕಡೆಯ ಕೆಲವು ರೈತರು ಬಿಡದೆ ಉಳಿಸಿಕೊಂಡಿದ್ದಾರೆ.

ತೇರಾದ ಮೇಲೆ ಕಪಿಲೆಯಲ್ಲಿ ತೆಪ್ಪೋತ್ಸವ. ದೀಪ ಹಚ್ಚಿದ ತೆಪ್ಪದ ಮೇಲೆ ದೇವರು ನೀರಿಗಿಳಿಯುತ್ತಾನೆ. ಬೀದಿಯಲ್ಲಿ ಮೆರೆದ ಮೇಲೆ ಹೊಳೆಗೂ ಹೋಗಿ ಬರಲೇಬೇಕು ಅನ್ನೋದನ್ನು ಗಮನಿಸಿ.

ಧನುರ್ಮಾಸದಲ್ಲಿ ಅಂಧಕಾಸುರನ ಸಂಹಾರ ಅಂತ ಇನ್ನೊಂದು ಆಚರಣೆ ಇದೆ. ರಾಕ್ಷಸ ಮಂಟಪದ ವೃತ್ತದಲ್ಲಿ ಅಂಧಕನ ಚಿತ್ರವನ್ನು ರಂಗೋಲಿಯಲ್ಲಿ ಬಿಡಿಸಿ, ಉತ್ಸವಮೂರ್ತಿ ಬಂದಾಗ ಅದನ್ನು ಕಾಲಲ್ಲಿ ಅಳಿಸುತ್ತಾರೆ. 2023ರ ಡಿಸೆಂಬರಿನಲ್ಲಿ ಇದರ ಬಗ್ಗೆ ಊರಿನಲ್ಲಿ ತಕರಾರೂ ಎದ್ದಿತು. ರಾಕ್ಷಸ ಅಂತ ನೀವು ಅಳಿಸುವವನು ನಮಗೆ ಪೂಜ್ಯ ಅಂತ ಹೇಳುವವರು ಇದ್ದಾರೆ. ನಮ್ಮ ಮೈಸೂರಿನಲ್ಲಿ ಮಹಿಷನ ವಿಷಯದಲ್ಲಿ ಈ ಮಾತು ಹೊಸದಲ್ಲ. ಪೂಜೆ ಮಾಡುವವರೂ ಕೇಳುವವರೂ ಒಂದೇ ಹೊಳೆಯ ನೀರು ಕುಡಿದವರು. ಕೂತು ಮಾತಾಡಿದರೆ ಬಗೆಹರಿಯದ್ದು ಇದರಲ್ಲಿ ಏನೂ ಇಲ್ಲ ಅಂತ ನನ್ನ ನಂಬಿಕೆ.

ಈಗ ಹೊಳೆಗೆ ವಾಪಸ್ ಬರುತ್ತೇನೆ.

ಮಳೆಗಾಲದಲ್ಲಿ ವಯನಾಡಿನಲ್ಲಿ ಜೋರು ಮಳೆಯಾದರೆ ಕಬಿನಿ ಅಣೆಕಟ್ಟು ಬೇಗ ತುಂಬುತ್ತದೆ. ಅದು ತುಂಬ ದೊಡ್ಡ ಜಲಾಶಯ ಅಲ್ಲ, ಒಳಗೆ ಬಂದಷ್ಟನ್ನೂ ಹೊರಗೆ ಬಿಡಬೇಕಾಗುತ್ತದೆ. ಆಗ ನಂಜನಗೂಡಿನವರು ನೋಡೋದು ಹೊಳೆಯ ಹತ್ತಿರದ ಹದಿನಾರು ಕಾಲು ಮಂಟಪವನ್ನು. ನೀರು ಕಂಬದ ಬುಡದಲ್ಲಿದೆಯೋ, ನಡುವಿನಲ್ಲಿದೆಯೋ, ಸೂರಿಗೆ ಬಂತೋ ಅಂತ. ಮಂಟಪ ಮುಳುಗಿದರೆ ದಡದ ಮನೆಯವರು ಗಂಟು ಕಟ್ಟಿಕೊಳ್ಳುತ್ತಾರೆ. ಸ್ನಾನಘಟ್ಟ ಮುಳುಗುತ್ತದೆ, ಪರಶುರಾಮನ ಗುಡಿಗೂ ನೀರು ನುಗ್ಗುತ್ತದೆ. 2019ರ ಆಗಸ್ಟಿನಲ್ಲಿ ಮೈಸೂರು ಊಟಿ ರಸ್ತೆಯನ್ನೇ ಮುಚ್ಚಬೇಕಾಯಿತು. ಊರಿನ ಹಿರಿಯರು ಆ ಹೊತ್ತಿನಲ್ಲೂ ಹೊಳೆಗೆ ಬಾಗಿನ ಬಿಟ್ಟು ಕೈಮುಗಿಯುತ್ತಾರೆ. ಬಯ್ಯುವುದಿಲ್ಲ.

ಬಯ್ಯಬೇಕಾದ್ದು ನಮ್ಮನ್ನು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ ಕಲುಷಿತ ನದಿ ಭಾಗಗಳ ಪಟ್ಟಿ ಮಾಡಿತು. ನಮ್ಮ ರಾಜ್ಯದ 17 ಭಾಗ ಅದರಲ್ಲಿದ್ದವು. ಒಂದು ಕಬಿನಿಯ ನಂಜನಗೂಡು ಹೆಜ್ಜಿಗೆ ನಡುವಿನ ಹರಿವು. ಅಂದರೆ ಹೆಚ್ಚುಕಡಿಮೆ ಗುಡಿಯ ಮುಂದಿನ ನೀರೇ. ಊರಿನ ಚರಂಡಿ, ಸುತ್ತಲ ಕಾರ್ಖಾನೆ, ಜೊತೆಗೆ ನಾವು. ಸ್ನಾನ ಮಾಡಿ ಹಾಕಿಕೊಂಡಿದ್ದ ಬಟ್ಟೆಯನ್ನು ನೀರಿಗೆ ಬಿಟ್ಟರೆ ದರಿದ್ರ ಹೋಗುತ್ತೆ ಅಂತ ಯಾರು ಹೇಳಿದರೋ ಕಾಣೆ. ಸ್ಥಳಪುರಾಣದಲ್ಲಿ ಅಂಥ ಮಾತು ನಾನು ಕೇಳಿಲ್ಲ. ಸ್ನಾನಘಟ್ಟದ ಮೆಟ್ಟಿಲ ಕೆಳಗೆ ಕಾಲಿಟ್ಟರೆ ಸೀರೆ ಸುತ್ತಿಕೊಳ್ಳುತ್ತದೆ, ಶಾಂಪೂ ಪ್ಯಾಕೆಟ್ ಅಂಟಿಕೊಳ್ಳುತ್ತದೆ. ಚರ್ಮದ ಕಾಯಿಲೆ ವಾಸಿಯಾಗಲಿ ಅಂತ ಮುಳುಗು ಹಾಕೋಕೆ ಬಂದ ಅಮ್ಮನೊಬ್ಬರು ಮೂಗು ಮುಚ್ಚಿಕೊಂಡು ನಿಂತಿದ್ದನ್ನು ನೋಡಿದ್ದೇನೆ. ನನಗೆ ಅಳು ಬಂತು. ಪರಶುರಾಮ ಗಾಯಕ್ಕೆ ಮೆತ್ತಿದ ಮಣ್ಣು ಇದೇ ದಡದ್ದು. ಆನೆಯ ಕಣ್ಣಿಗೆ ಹಾಕಿದ್ದು ಇದೇ ನೀರು. ವಿಷ ಕುಡಿದ ದೇವರ ಕಾಲ ಬಳಿಗೇ ನಾವು ಮತ್ತೆ ವಿಷ ಹರಿಸುತ್ತಿದ್ದೇವೆ. ಗೋಪುರಕ್ಕೆ ಬಣ್ಣ ಬಳಿಸುವಾಗ ಇರುವ ಉತ್ಸಾಹದಲ್ಲಿ ಕಾಲು ಭಾಗ ಹೊಳೆಯ ಕಡೆಗೂ ತಿರುಗಿದರೆ ಸಾಕು. ಚರಂಡಿ ನೀರು ಶುದ್ಧ ಮಾಡದೆ ಬಿಡಬಾರದು ಅಂತ ಕೇಳುವುದೂ ನಂಜುಂಡನ ಸೇವೆಯೇ ಅಂತ ನಾನು ತಿಳಿದಿದ್ದೇನೆ.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಸ್ವಾಮಿ, ಮೊಮ್ಮಕ್ಕಳನ್ನ ಕರ್ಕೊಂಡು ಹೋಗಬೇಕು ಅಂತಿದೀನಿ. ಏನೇನು ತೋರಿಸಲಿ?"

ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಜಾತ್ರೆಯ ದಿನ ಬೇಡ, ಮಕ್ಕಳಿಗೆ ನೂಕುನುಗ್ಗಲು ಕಷ್ಟ. ಸಾಮಾನ್ಯ ದಿನ, ಸೋಮವಾರ ಬಿಟ್ಟು ಹೋಗಿ. ಮೈಸೂರಿನಿಂದ ಚಾಮರಾಜನಗರದ ರೈಲು ಹಿಡಿದರೆ ಹೊಳೆ ದಾಟುವಾಗ ದಳವಾಯಿ ಕಟ್ಟಿಸಿದ ಹಳೆ ಸೇತುವೆ ಕಿಟಕಿಯಿಂದಲೇ ಕಾಣುತ್ತದೆ. ಇಳಿದ ಮೇಲೆ ಮೊದಲು ಸಂಗಮದ ಕಡೆ ನಡೆದು ಪರಶುರಾಮನ ಗುಡಿಯ ಮುಂದೆ ಆ ಕೊಡಲಿಯ ಕಥೆ ಹೇಳಿ. ಮಕ್ಕಳು ಅಲ್ಲೇ ನಿಂತು ಕೇಳಿದರೆ ಮರೆಯೋದಿಲ್ಲ. ಆಮೇಲೆ ದೊಡ್ಡ ಗುಡಿ, ಹಸಿರು ಲಿಂಗ, ಪುರಾತನರ ಸಾಲು. ಕಣ್ಣಪ್ಪ ಯಾರು ಅಂತ ಅವರೇ ಹುಡುಕಲಿ. ಬೆಣ್ಣೆ ಶುಂಠಿ ಪ್ರಸಾದ ಸಿಕ್ಕಿದರೆ ಕಾರ ಅಂತ ಉಗುಳೋಕೆ ಬಿಡಬೇಡಿ. ಹೊಳೆಯಲ್ಲಿ ನೀರು ಜಾಸ್ತಿ ಇದ್ದರೆ ಮೇಲಿನ ಮೆಟ್ಟಿಲಲ್ಲೇ ಕೂತು ಚೊಂಬಿನಿಂದ ಹುಯ್ದುಕೊಳ್ಳಿ, ಒದ್ದೆ ಬಟ್ಟೆ ಹಿಂಡಿ ಚೀಲದಲ್ಲಿ ಹಾಕಿಕೊಂಡು ಮನೆಗೇ ತನ್ನಿ.